ಕತ್ತಿನ ಮೇಲೊಂದು ನೀಲಿ ಗೆರೆ

ಜಗಳೂರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ನರ್ಸ್. ಒಂದು ಮಧ್ಯಾಹ್ನ ಕುರಿ ವ್ಯಾಪಾರಿಯೊಬ್ಬರನ್ನು ಅವರ ಹೆಂಡತಿ ಆಟೋದಲ್ಲಿ ಕರೆತಂದರು. ಹುಳುಕು ಹಲ್ಲಿನ ಕೀವು ಕೆಳಗಿಳಿದು ಗದ್ದ, ಕತ್ತು ಎರಡೂ ಒಂದಾಗುವಂತೆ ಊದಿದ್ದವು. ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. ಮಲಗಿಸಲು ಹೋದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು.

"ದಾವಣಗೆರೆಗೆ ಕಳಿಸೋಣವಾ ಮೇಡಂ?" ಎಂದೆ.

ನಮ್ಮ ಅರಿವಳಿಕೆ ವೈದ್ಯೆ ಚನ್ನಗಿರಿ ಕಡೆಯವರು. "ಕಳಿಸ್ಲೇಬೇಕು. ಆದ್ರೆ ಹಿಂಗೇ ಕಳಿಸಿದ್ರೆ ದಾರೀಲೇ ಉಸಿರು ನಿಲ್ತೈತೆ. ಮೊದ್ಲು ಉಸಿರಿಗೆ ಟ್ಯೂಬ್ ಹಾಕಾಣ. ಸ್ಕ್ಯಾನ್ ಮಿಷನ್ ತಳ್ಕೊಂಡು ಬರ್ರಿ" ಎಂದರು.

ಹೊಟ್ಟೆ ನೋಡುವ ಯಂತ್ರ ಕತ್ತಿಗೇಕೆ ಎಂದುಕೊಂಡೇ ತಂದೆ. ಅವರು ಕತ್ತಿಗೆ ಜೆಲ್ ಹಚ್ಚಿ, ಯಂತ್ರದ ಹಿಡಿಕೆಯಾದ ಪ್ರೋಬ್ ಇಟ್ಟರು. ಊತದಲ್ಲಿ ಬೆರಳಿಗೆ ಸಿಗದೇ ಹೋಗಿದ್ದ ಉಸಿರಿನ ಕೊಳವೆ ಪರದೆಯಲ್ಲಿ ಕಪ್ಪು ಮಣಿಸರದಂತೆ ಮೂಡಿತು. ಅದರ ಮೇಲ್ತುದಿಯ ಸಂದಿಗೆ ಸರಿಯಾಗಿ ಚರ್ಮದ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, "ಬಾಯಿಂದ ಹೋಗದಿದ್ರೆ ಇಲ್ಲಿ ಕೊಯ್ಯಿರಿ" ಎಂದು ಅಷ್ಟರಲ್ಲಿ ಕರೆಸಿಕೊಂಡಿದ್ದ ಸರ್ಜನ್‌ಗೆ ತೋರಿಸಿದರು. ಅವರು ಬ್ಲೇಡ್ ಹಿಡಿದು ಪಕ್ಕದಲ್ಲೇ ನಿಂತರು.

ಆಮೇಲೆ ವೈದ್ಯೆ ರೋಗಿಯ ಕಿವಿಯ ಹತ್ತಿರ ಬಗ್ಗಿದರು. "ಅಣ್ಣಾ, ನಿಮ್ಗೆ ನಿದ್ದೆ ಬರ್ಸಲ್ಲ. ಗಂಟಲಿಗೆ ಮರಗಟ್ಟೋ ಔಷಧಿ ಹೊಡೀತೀನಿ. ಉಸಿರು ನೀವೇ ಎಳ್ಕೊಳ್ರಿ. ಹೆದರಿಕೆ ಆದ್ರೆ ಸಿಸ್ಟರ್ ಕೈ ಹಿಸುಕ್ರಿ."

ಹಿಸುಕಿದರು, ನನ್ನ ಬಳೆ ಒಡೆಯುವಷ್ಟು. ಇನ್ನೊಂದು ಕೈಯಲ್ಲಿ ನಾನು, ವೈದ್ಯೆ ತೋರಿಸಿದಂತೆ, ಅವರ ಕತ್ತಿಗೆ ಪ್ರೋಬ್ ಹಿಡಿದಿದ್ದೆ. ಟ್ಯೂಬ್ ಒಳಗೆ ಹೋದಾಗ ಪರದೆಯಲ್ಲಿ ಉಸಿರಿನ ಕೊಳವೆಯ ಪಕ್ಕ ಮತ್ತೊಂದು ದುಂಡು ತೆರೆದುಕೊಂಡಿತು.

"ಅನ್ನನಾಳಕ್ಕೆ ಹೋತು" ಎಂದು ವೈದ್ಯೆ ಅದನ್ನು ತಕ್ಷಣ ಹೊರಗೆಳೆದರು. ಆಮ್ಲಜನಕ ಕೊಟ್ಟು, ರೋಗಿ ಸುಧಾರಿಸಿಕೊಂಡ ಮೇಲೆ ಮತ್ತೆ ಪ್ರಯತ್ನಿಸಿದರು. ಈ ಸಲ ಪಕ್ಕದ ದುಂಡು ತೆರೆಯಲಿಲ್ಲ, ಉಸಿರಿನ ಕೊಳವೆಯೊಳಗಷ್ಟೇ ಏನೋ ಮಿನುಗಿತು. ಎದೆಯ ಎರಡೂ ಕಡೆ ಗಾಳಿ ಹೋಗುವುದನ್ನು ಕೇಳಿಸಿಕೊಂಡು, "ಬಂತು ನೋಡ್ರಿ" ಎಂದರು. ಸರ್ಜನ್ ಬ್ಲೇಡನ್ನು ಟ್ರೇಗೆ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗೋಡೆಗೆ ಒರಗಿ ಕೂತರು.

ಆಂಬುಲೆನ್ಸಿನಲ್ಲಿ ವೈದ್ಯೆಯೂ ಹತ್ತಿದರು. ದಾವಣಗೆರೆಯಲ್ಲಿ ಕೀವು ತೆಗೆದರಂತೆ. ಕೆಲವು ದಿನಗಳ ನಂತರ ಹೆಂಡತಿ ಫೋನ್ ಮಾಡಿ, "ಗಂಜಿ ಕುಡೀತಾರ್ರೀ, ನನ್ ಮ್ಯಾಲೆ ಸಿಟ್ಟೂ ಮಾಡ್ತಾರೆ" ಎಂದು ನಕ್ಕರು.

ಅದೇ ವಾರ ಚಹಾದ ಹೊತ್ತಿಗೆ ವೈದ್ಯೆ ನಮ್ಮನ್ನೆಲ್ಲ ಕರೆದು, ಪ್ರೋಬನ್ನು ತಮ್ಮ ಕತ್ತಿಗೇ ಒತ್ತಿಕೊಂಡು ಒಂದು ಗುಟುಕು ನೀರು ಕುಡಿದು ಪರದೆ ತೋರಿಸಿದರು. "ನೀರು ಹೋಗೋ ದಾರಿ ಇದು, ಉಸಿರಿಂದು ಅದು. ನಿಮ್ಗೂ ಬರಬೇಕು. ಯಾರು ಮೊದ್ಲು?"

ನಾನು ಕುರ್ಚಿ ಎಳೆದುಕೊಂಡೆ.