ಐದು ದಿನ ಷೆಡ್ಡಿನಲ್ಲಿದ್ದ ಮಣ್ಣು

1984ರ ಬೇಸಿಗೆಯಲ್ಲಿ ನಾನು ಅಣ್ಣಿಗೇರಿಯಲ್ಲಿ ಸರ್ಕಾರಿ ಕಟ್ಟಡಗಳ ಅಸಿಸ್ಟೆಂಟ್ ಇಂಜಿನಿಯರ್ ಆಗಿದ್ದೆ. ಕಲಘಟಗಿಯ ಕೆಂಪು ನೆಲದಲ್ಲಿ ಹುಟ್ಟಿ ಬೆಳೆದವನಿಗೆ ಈ ಕಡೆಯ ಎರೆಮಣ್ಣು ಹೊಸದು. ನಮ್ಮಜ್ಜ ಮಾತ್ರ ಅದನ್ನು ಬಲ್ಲವರು. “ಎರಿ ನೆಲ ಬ್ಯಾಸಗ್ಯಾಗ ಸಾಧು, ಮಳಿಗಾಲದಾಗ ಗೂಳಿ,” ಎನ್ನುತ್ತಿದ್ದರು. ನಮ್ಮ ಕಸುಬಿನಲ್ಲಿ ಆ ಗೂಳಿಯ ಬಲಕ್ಕೆ ಸ್ವೆಲ್ಲಿಂಗ್ ಪ್ರೆಷರ್ ಎಂದು ಹೆಸರು: ಒಣ ಎರೆಮಣ್ಣು ನೀರು ಕುಡಿದು ಉಬ್ಬುವಾಗ ಮೇಲಿನ ಭಾರವನ್ನು ಎತ್ತುವ ಒತ್ತಡ.

ಶಲವಡಿಯಲ್ಲಿ ಎರಡು ಕೋಣೆಯ ಹೆರಿಗೆ ವಾರ್ಡು ಕಟ್ಟಬೇಕಿತ್ತು. ಅಲ್ಲಿನ ನರ್ಸ್ ಸುಶೀಲಾಬಾಯಿಯವರು ಬಾಡಿಗೆಯ ಒಂದೇ ಕೋಣೆಯಲ್ಲಿ, ನಡುವೆ ಸೀರೆ ಕಟ್ಟಿ, ಒಮ್ಮೊಮ್ಮೆ ಇಬ್ಬರಿಗೆ ಹೆರಿಗೆ ಮಾಡಿಸುತ್ತಿದ್ದರು. ಮಣ್ಣಿನ ಪರೀಕ್ಷೆಗೆ ಮೂರು ವಾರ ಬೇಕು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಸರು ನಿಮ್ಮ ಕಾಗದಕ್ಕ ಕಾಯೂದಿಲ್ರಿ ಸಾಹೇಬ್ರ,” ಎಂದರು.

ಏಪ್ರಿಲ್ ಕೊನೆಗೆ ಒಂದೂವರೆ ಮೀಟರ್ ಆಳದಿಂದ ಮೂರು ಉಕ್ಕಿನ ಕೊಳವೆಗಳಲ್ಲಿ ಮಣ್ಣು ತೆಗೆದೆವು. ನೆಲದೊಳಗೆ ಇದ್ದಂತೆಯೇ, ಒಣಗದೆ, ನೆನೆಯದೆ ಅದು ಲ್ಯಾಬು ತಲುಪಬೇಕು. ಅದಕ್ಕೇ ಎರಡೂ ಬಾಯಿಗೆ ಮೇಣ. ಜೀಪು ಕೆಟ್ಟು ನಿಂತದ್ದರಿಂದ ಕೊಳವೆಗಳು ನಮ್ಮ ಸ್ಟೋರ್ ಷೆಡ್ಡಿನಲ್ಲಿ ಐದು ದಿನ ಕೂತು, ಆಮೇಲೆ ಹೋದವು.

ವರದಿ ಬಂತು. ಉಬ್ಬುವ ಒತ್ತಡ ಚದರ ಸೆಂಟಿಮೀಟರಿಗೆ 0.4 ಕೆ.ಜಿ. ಪಾಯದಡಿಯ ಮಣ್ಣಿನ ಮೇಲೆ ನಮ್ಮ ಕಟ್ಟಡದ ಭಾರ 0.8. ಅಂದರೆ ಮಣ್ಣು ಏಳಲು ನೋಡಿದರೂ ಗೋಡೆಗಳೇ ಅದನ್ನು ಅದುಮಿಡುತ್ತವೆ. ಸಾಧಾರಣ ಪಾಯ ಸಾಕು, ಕೆಲಸ ಬೇಗ. ನಾನು ಹಿಗ್ಗಿ ನಕ್ಷೆ ಬರೆದೆ, ಮಂಜೂರಾಯಿತು, ಪಾಯ ತೋಡಿದರು. ಸೋಮವಾರ ಕಾಂಕ್ರೀಟು ಹಾಕುವುದೆಂದು ನಿಗದಿಯಾಯಿತು.

ಶನಿವಾರ ಸಿಮೆಂಟು ಕಳಿಸಲು ಷೆಡ್ಡಿಗೆ ಹೋದೆ. ಕಾವಲುಗಾರ ಮಕ್ತುಂಸಾಬ ಒಂಬತ್ತು ವರ್ಷದಿಂದ ದಿನಗೂಲಿಯವನು. ಆ ವರ್ಷ ಕಾಯಂ ಆಗುವವರ ಪಟ್ಟಿಗೆ ಅವನ ಹೆಸರು ಸೇರಿತ್ತು. ಚಹಾ ಕೊಡುತ್ತಾ ಕೇಳಿದ, “ಆ ಮಣ್ಣು ಪಾಸಾತೇನ್ರಿ?”

“ಅಗದಿ ಚಲೋ ಪಾಸಾತು.”

“ಆಗದ ಏನ್ ಮಾಡತೈತ್ರಿ! ಬಿಸಲಿಗೆ ಮೇಣ ಕರಗಿ ಬಾಯಿ ತಕ್ಕೊಂಡು ಕುಂತಿತ್ತು. ಐದೂ ದಿನ ಮುಂಜಾನಿ, ಸಂಜಿ ನೀರ ಕುಡಿಸೇನ್ರಿ. ಒಂದ್ ಹೊತ್ತೂ ತಪ್ಪಿಸಿಲ್ಲ.”

ಚಹಾದ ಲೋಟ ಕೆಳಗಿಟ್ಟೆ. ಅವನದೇನು ತಪ್ಪು? ಕಾಂಕ್ರೀಟು ಗಟ್ಟಿಯಾಗಲು ದಿನವೂ ನೀರು ಹಾಕಬೇಕು, ಒಣಗಿಸಿದರೆ ಕೆಲಸ ಹೋದೀತು ಎಂದು ಒಂಬತ್ತು ವರ್ಷ ಅವನಿಗೆ ಹೇಳಿದವರು ನಾವೇ. ಪರೀಕ್ಷೆಗೆಂದು ಲ್ಯಾಬಿಗೆ ಹೋಗುವ ಕಾಂಕ್ರೀಟಿನ ಮಾದರಿ ಗಟ್ಟಿಗಳಿಗೆ ಮಾಡಿದ ಸೇವೆಯನ್ನೇ ಲ್ಯಾಬಿಗೆ ಹೋಗುವ ಮಣ್ಣಿಗೂ ಮಾಡಿದ್ದ.

ವರದಿ ತೆರೆದೆ. 0.4ರ ಪಕ್ಕದ ಸಾಲಿನಲ್ಲೇ ಇತ್ತು: ಪರೀಕ್ಷೆಗೆ ಮುಂಚಿನ ತೇವಾಂಶ 36 ಪ್ರತಿಶತ. ಬೇಸಿಗೆಯ ಎರೆಯಲ್ಲಿ ಅದರ ಅರ್ಧ ಇದ್ದರೆ ಹೆಚ್ಚು. ಬೇಕಾದ ಅಂಕಿ ಸಿಕ್ಕ ಖುಷಿಯಲ್ಲಿ ನಾನು ಆ ಸಾಲನ್ನು ಓದಿರಲಿಲ್ಲ. ಆಗಲೇ ಉಬ್ಬಿ ಮುಗಿದ ಮಣ್ಣನ್ನು, ಎಷ್ಟು ಉಬ್ಬುತ್ತೀ ಎಂದು ಕೇಳಿದ್ದೆವು.

ವಿಷಯ ಬಿಡಿಸಿ ಹೇಳಿದಾಗ ಮಕ್ತುಂಸಾಬನ ಮುಖ ಬಿಳಿಚಿತು. “ಅಂದ್ರ ನಾ ದವಾಖಾನಿ ಕೆಡವಿದೆನೇನ್ರಿ?”

“ಇನ್ನೂ ಕಟ್ಟೇ ಇಲ್ಲೋ ಮಾರಾಯಾ.”

ಕೆಲಸ ನಿಲ್ಲಿಸಲು ಬರಹದಲ್ಲಿ ಕಾರಣ ಬೇಕು. ಅವನ ಹೇಳಿಕೆ ಇಲ್ಲದೆ ಮೇಲಿನವರು ಸಹಿಯಾದ ವರದಿಯನ್ನು ಬದಿಗಿಡುವುದಿಲ್ಲ. ಹೇಳಿಕೆ ಕಡತ ಸೇರಿದರೆ ಪಟ್ಟಿಯಿಂದ ಅವನ ಹೆಸರು ಹೋಗಬಹುದು. ಎರಡನ್ನೂ ಹೇಳಿದೆ. ಅವನು ನೀರಿನ ಕೊಡಪಾನ ಬದಿಗೆ ಸರಿಸಿ ನನ್ನೆದುರು ಕೂತ.

“ಬರೀರಿ ಸಾಹೇಬ್ರ. ಒಂದ್ ಹೊತ್ತೂ ತಪ್ಪಿಸಿಲ್ಲ ಅನ್ನೂದನ್ನೂ ಬರೀರಿ ಮತ್ತ.”

ಬರೆದೆ. ಅವನು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಅದರ ಮೇಲ್ಗಡೆ ನನ್ನದನ್ನೂ ಬರೆದೆ: ಕೊಳವೆಗಳ ಬಗ್ಗೆ ಕಾವಲುಗಾರನಿಗೆ ಸೂಚನೆ ಕೊಡದವನು ನಾನು, ತೇವಾಂಶದ ಸಾಲು ಓದದವನೂ ನಾನು.

ಸೋಮವಾರ ಮುಂಜಾನೆ ಎಕ್ಸಿಕ್ಯೂಟಿವ್ ಇಂಜಿನಿಯರ್ ಸಾಹೇಬರು ಅದನ್ನು ಎರಡು ಸಲ ಓದಿದರು. “ಅಂವ ಹೇಳದಿದ್ರ ನಿಮಗ ತಿಳೀತಿತ್ತೇನು?”

“ಇಲ್ರಿ.”

“ಹಂಗಾದ್ರ ಮೆಮೊ ಯಾರಿಗೆ ಕೊಡೂಣು?”

“ನನಗ್ರಿ.”

ಕೊಟ್ಟರು. ಕೆಲಸ ನಿಲ್ಲಿಸಿದರು. ಪಟ್ಟಿಯಲ್ಲಿ ಮಕ್ತುಂಸಾಬನ ಹೆಸರು ಹಾಗೇ ಉಳಿಯಿತು.

ಹೊಸ ಮಾದರಿಯ ಒತ್ತಡ 2.2 ಬಂತು, ಕಟ್ಟಡದ ಭಾರದ ಹತ್ತಿರಹತ್ತಿರ ಮೂರು ಪಟ್ಟು. ಮೊದಲ ಮಳೆಗೇ ಗೋಡೆ ಎದ್ದು ಸೀಳುತ್ತಿತ್ತು. ನಕ್ಷೆ ಬದಲಿಸಿ, ಋತುವಿನ ತೇವ ಮುಟ್ಟದ ಆಳಕ್ಕೆ ಇಳಿದು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬಗಳನ್ನು, ಅಂದರೆ ಅಂಡರ್-ರೀಮ್ಡ್ ಪೈಲ್‌ಗಳನ್ನು ಹಾಕಿದೆವು. ವಾರ್ಡು ಮುಗಿಯುವುದು ನವೆಂಬರಿಗೆ ಮುಂದೆ ಹೋಯಿತು. ಬೈಸಿಕೊಳ್ಳಲು ಸಿದ್ಧನಾಗಿಯೇ ಸುಶೀಲಾಬಾಯಿಯವರ ಮುಂದೆ ನಿಂತೆ. ಅವರು ಕಾರಣ ಪೂರ್ತಿ ಕೇಳಿ, “ಬಿರುಕ ಬಿಟ್ಟ ಗ್ವಾಡಿ ಕೆಳಗ ಕೂಸು ಮಲಗಸೂದಕಿಂತ ನನ್ನ ಸೀರಿನ ಚಲೋ ಬಿಡ್ರಿ,” ಎಂದರು. ಆ ಮಾತಿನ ಋಣವೂ ನನ್ನ ಮೇಲಿದೆ.

ಮಣ್ಣಿನ ನಡತೆಯನ್ನು ಅಂಕಿಯಲ್ಲಿ ಹಿಡಿಯುವುದು ನನ್ನ ಕಸುಬಾಗಿತ್ತು. ಅಂಕಿ ಹೇಳುವುದು ಲ್ಯಾಬಿಗೆ ಬಂದ ಮಣ್ಣಿನ ಸುದ್ದಿಯನ್ನು. ನೆಲಕ್ಕೂ ಲ್ಯಾಬಿಗೂ ನಡುವೆ ಮನುಷ್ಯರಿದ್ದಾರೆ, ಅವರನ್ನು ಕೇಳಬೇಕು. ನಿವೃತ್ತಿಯವರೆಗೆ ನನ್ನ ಪ್ರತಿ ವರದಿಯಲ್ಲಿ ನಾನೇ ಗೆರೆ ಎಳೆದು ಒಂದು ಕಾಲಂ ಸೇರಿಸುತ್ತಿದ್ದೆ: ಮಾದರಿ ಯಾರ ಯಾರ ಕೈ ದಾಟಿ ಬಂತು. ಅದರಲ್ಲಿ ನಾನು ಬರೆದ ಮೊದಲ ಹೆಸರು ಮಕ್ತುಂಸಾಬನದು. ಎರಡನೇ ಸಲದ ಕೊಳವೆಗಳನ್ನು ತೊಡೆಯ ಮೇಲಿಟ್ಟುಕೊಂಡು ಲ್ಯಾಬಿಗೆ ಮುಟ್ಟಿಸಿದವನು ಅವನೇ.