ತುಂಬಿ ಬಂದ ಡಬ್ಬಿಗಳು

ಇವತ್ತು ಬೆಳಿಗ್ಗೆ ನನ್ನ ಸಂಶೋಧನಾ ವಿದ್ಯಾರ್ಥಿನಿ ಸುಮಾ ಬಿಳಿಗೆರೆಯಿಂದ ಬಂದವಳೇ ನನ್ನ ಕೋಣೆಯ ಮೇಜಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಟ್ಟು ಮುಖ ಊದಿಸಿಕೊಂಡು ನಿಂತಳು. ಅಂಥ ಡಬ್ಬಿಯನ್ನು ನಮ್ಮಲ್ಲಿ ಯಾರೂ ಮೂಗಿನ ಹತ್ತಿರ ಒಯ್ಯುವುದಿಲ್ಲ. ಅದು ಮಲಪರೀಕ್ಷೆಯ ಡಬ್ಬಿ. ಆದರೆ ಮುಚ್ಚಳ ತೆಗೆದರೆ ಘಮ್ಮೆಂದು ಹುರಿದ ಅವರೆಕಾಳಿನ ವಾಸನೆ.

“ಇಡೀ ಬೀದಿ ಹೀಗೇ ಮೇಡಂ. ಬೇರೆ ಊರು ನೋಡೋಣವಾ?” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಹೇಳುತ್ತೇನೆ, ಇರಿ.

ನಾನು ಹೊಟ್ಟೆಹುಳುಗಳ ಹಿಂದೆ ಬಿದ್ದು ಆಯುಸ್ಸು ಕಳೆದವಳು. ಮದುವೆಯೂಟದಲ್ಲಿ ನನ್ನ ಕೆಲಸ ಏನೆಂದು ಹೇಳಿದರೆ ಪಕ್ಕದವರು ಎಲೆಸಮೇತ ಸರಿದು ಕೂರುತ್ತಾರೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಅಮ್ಮ, “ಮಗಳು ಸೈನ್ಸಲ್ಲಿದಾಳೆ” ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ನನಗೆ ಮಾತ್ರ ಈ ಕೆಲಸದ ಬಗ್ಗೆ ಒಂದು ದಿನವೂ ನಾಚಿಕೆಯಾಗಿಲ್ಲ. ಆಗುವುದಿದ್ದರೆ ಹೆಮ್ಮಿಗೆ ಎಂಬ ಹಳ್ಳಿಯಲ್ಲೇ ಆಗಿಬಿಡಬೇಕಿತ್ತು.

ಅದು ನನ್ನ ಮೊದಲ ಸಂಶೋಧನೆ. ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೆಮ್ಮಿಗೆಗೆ ಹೋಗಿ ಅಲ್ಲಿನ ಚಿಕ್ಕತಾಯಮ್ಮ ಎಂಬ ಹಿರಿಯರ ಮನೆಯ ಜಗಲಿಯಲ್ಲಿ ಚೀಲ ಇಳಿಸುತ್ತಿದ್ದೆ. ಅವರ ಸೊಸೆ ಮಾದೇವಿ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿದ್ದಳು. ನಾಟಿ ಮಾಡುತ್ತಾ ಮಾಡುತ್ತಾ ಏದುಸಿರು ಬಿಟ್ಟು ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಬರಿಗಾಲಲ್ಲಿ ಓಡಾಡುವವರ ಪಾದದಿಂದ ಒಳಹೊಕ್ಕು, ಕರುಳು ಕಚ್ಚಿ ರಕ್ತ ಹೀರುವ ಕೊಕ್ಕೆಹುಳುವಿನ ಕೆಲಸವೆಂದು ನನಗೆ ಅನುಮಾನ. ಅತ್ತೆಗೆ ಯಾವ ಅನುಮಾನವೂ ಇರಲಿಲ್ಲ.

“ಮೈಗಳ್ಳಿ ಕಣವ್ವ. ಅಬ್ಬ ಕಳೀಲಿ, ತವರ್ಗೆ ಕಳ್ಸಿಬುಡ್ತೀವಿ.”

ಮಾತ್ರೆ ಕೊಡಿಸುತ್ತೇನೆ ಎಂದೆ. “ಮೈಗಳ್ತನಕ್ಕೂ ಮಾತ್ರೆ ಅದಾ?” ಎಂದರು. ಕಣ್ಣಾರೆ ಕಾಣದೆ ಆ ಹೆಂಗಸು ನಂಬುವಂತಿರಲಿಲ್ಲ. ಮಾದೇವಿ ಬಾಗಿಲ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು.

ಬೀದಿಗೆಲ್ಲ ಡಬ್ಬಿ ಹಂಚಿ, ಏನು ಬೇಕೆಂದು ಬಿಡಿಸಿ ಹೇಳಿ ಬಂದೆ. ಮರುದಿನ ಎಲ್ಲ ಡಬ್ಬಿಗಳೂ ಸಿಕ್ಕವು, ಚೆನ್ನಾಗಿ ತೊಳೆದು ತುಂಬಿಸಿದ್ದರು. ಒಂದರಲ್ಲಿ ಹುರಿಹಿಟ್ಟು, ಇನ್ನೊಂದರಲ್ಲಿ ಬೆಲ್ಲ, ಮಾದೇವಿಯ ಹೆಸರಿದ್ದದ್ದರಲ್ಲಿ ಅವರೆಕಾಳು.

“ಮನೆಗೆ ಬಂದ ಎಣ್ಮಗಳ ಕೈಗೆ ಅದ್ನ ಕೊಟ್ಟು ಕಳ್ಸಕಾಯ್ತದಾ? ಬರೀ ಡಬ್ಬಿ ವಾಪಸ್ ಕೊಡಂಗೂ ಇಲ್ಲ,” ಎಂದು ಚಿಕ್ಕತಾಯಮ್ಮ ನನಗೇ ಬುದ್ಧಿ ಹೇಳಿದರು.

ಏನೆಂದು ವಾದಿಸಲಿ? ನಮ್ಮಮ್ಮನೂ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದವಳಲ್ಲ. ಬಸ್ಸಿನಲ್ಲಿ ಹುರಿಹಿಟ್ಟು ಮುಕ್ಕುತ್ತಾ ಮಾದೇವಿಯ ಕಣ್ಣು ನೆನಪಾಗಿ ಅಳು ಬಂತು. ನಂಜನಗೂಡು ಮುಟ್ಟುವಷ್ಟರಲ್ಲಿ ಹಠ ಬಂತು.

ಮತ್ತೆ ಹೋಗುವಾಗ ಸೂಕ್ಷ್ಮದರ್ಶಕವನ್ನೇ ಹೊತ್ತುಕೊಂಡು ಹೋಗಿ ಜಗಲಿಯ ಬಿಸಿಲಲ್ಲಿಟ್ಟೆ. ನನ್ನದೇ ಡಬ್ಬಿ ತೆಗೆದು, “ಇದು ನಂದು. ಚೊಕ್ಕವಾದ ಹೊಟ್ಟೆ ಹೇಗಿರುತ್ತೆ ನೋಡಿ,” ಎಂದು ಜಂಬದಿಂದ ಕಣ್ಣಿಟ್ಟೆ. ಜಂತುಹುಳುವಿನ ಮೊಟ್ಟೆಯೊಂದು ರವೆ ಉಂಡೆಯ ಹಾಗೆ ತರಿತರಿಯಾಗಿ ನಟ್ಟನಡುವೆ ಕೂತಿತ್ತು. ಮುಚ್ಚಿಡೋಣವೆಂದರೆ ಚಿಕ್ಕತಾಯಮ್ಮ ಆಗಲೇ ನನ್ನನ್ನು ಪಕ್ಕಕ್ಕೆ ತಳ್ಳಿ ಬಗ್ಗಿದ್ದರು.

“ಅದೇನವ್ವ ಗುಂಡ್ಗೆ?”

“ಹುಳದ ಮೊಟ್ಟೆ,” ಎಂದೆ.

“ನಮ್ಗಷ್ಟೇಯ ಅನ್ಕಂಡಿದ್ದೊ. ಓದ್ದೋರ್ಗೂ ಅದೆ ಕಣ್ರೇ,” ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಬೀದಿಯೂ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ. ಆಮೇಲೆ ನಾನು ಮನೆಗೆ ಬಂದ ನೆಂಟಳಾಗಿ ಉಳಿಯಲಿಲ್ಲ, ಅವರಲ್ಲೊಬ್ಬಳಾದೆ. ಮತ್ತೆ ಹಂಚಿದ ಡಬ್ಬಿಗಳು ಮಾರನೆಯ ಬೆಳಿಗ್ಗೆ ಸರಿಯಾಗಿಯೇ ತುಂಬಿ ಬಂದವು.

ಮಾದೇವಿಯದರಲ್ಲಿ ಎಲ್ಲಿ ನೋಡಿದರಲ್ಲಿ ಕೊಕ್ಕೆಹುಳುವಿನ ಮೊಟ್ಟೆ. ಚಿಕ್ಕತಾಯಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಇಷ್ಟನ್ನ ಒಟ್ಟೇಲಿ ಇಟ್ಕಂಡು ನಾಟಿ ಮಾಡ್ತಿದ್ಲಾ ನನ್ ಸೊಸೆ,” ಎಂದರು. ತವರಿನ ಮಾತು ಅಲ್ಲಿಗೇ ನಿಂತಿತು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳನ್ನು ಅತ್ತೆಯೇ ಎದುರು ನಿಂತು ನುಂಗಿಸಿದರು. ಮುಂದಿನ ನಾಟಿಯಲ್ಲಿ ಮಾದೇವಿ ಎಲ್ಲರಿಗಿಂತ ಮುಂದಿದ್ದಳು.

ಸುಮಾಳಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಮೇಜಿನ ಮೇಲಿನ ಅವರೆಕಾಳು ಅರ್ಧ ಖಾಲಿಯಾಗಿತ್ತು. ಇಷ್ಟು ವರ್ಷ ಇದನ್ನು ನನ್ನ ಮಾನ ಹೋದ ಕತೆ ಎಂದೇ ಹೇಳಿಕೊಂಡು ಬಂದಿದ್ದೆ. ನನ್ನ ಇಡೀ ವೃತ್ತಿಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸ್ಯಾಂಪಲ್ ನನ್ನದೇ ಎಂದು ಇವತ್ತು ಅನ್ನಿಸಿತು.

“ಊರು ಬದಲಿಸೋದು ಬೇಡ,” ಎಂದು ಹೊಸ ಡಬ್ಬಿಯೊಂದನ್ನು ಅವಳ ಕೈಗಿಟ್ಟೆ.

“ಇದು ಯಾರಿಗೆ ಮೇಡಂ?”

“ನಿನಗೆ. ನಾಳೆ ಬೆಳಿಗ್ಗೆ. ಅವರೆಕಾಳು ಹಾಕ್ಕೊಂಡು ಬಂದರೆ ನೋಡು ಮತ್ತೆ.”