ಮೂಳೆಗೊಂದು ಕುದುರೆ

ಎರಡು ಸಾವಿರದ ಐದೋ ಆರೋ ಇರಬೇಕು, ಮೆಲ್ಬರ್ನಿನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಭುಜ ನೋವೆಂದು ಒಬ್ಬ ಕುಳ್ಳನೆಯ ಅಜ್ಜ ಬಂದರು. ಫಾರಂನಲ್ಲಿ 'ಹಿಂದೆ ಮೂಳೆ ಮುರಿದಿತ್ತೇ?' ಅನ್ನುವುದಕ್ಕೆ ಒಂದೇ ಸಾಲು ಜಾಗ. ನಮ್ಮ ಊರಿನ ಕಡೆಯ ಅಂಕಲ್‌ಗಳಾದರೆ, ಇನ್ಶೂರೆನ್ಸ್‌ನವರ ತಲೆನೋವು ಯಾಕೆ ಅಂತ 'ಇಲ್ಲ' ಎಂದು ಬರೆದುಬಿಡುತ್ತಾರೆ. ಇವರು ಇನ್ನೊಂದು ಹಾಳೆ ಕೇಳಿದರು.

"ಕುದುರೆಗಳನ್ನ ಬೇಲಿ ಹಾರಿಸೋ ರೇಸಿನಲ್ಲಿ ಜಾಕಿ ಆಗಿದ್ದೆ," ಅಂದರು.

ಎಡಗಡೆ ಕಾಲರ್‌ಬೋನ್ ಎಂದು ಬರೆದು ಮುಂದೆ ಒಂದು ಕುದುರೆಯ ಹೆಸರು ಹಾಕಿದರು. ಪಕ್ಕೆಲುಬಿಗೆ ಇನ್ನೊಂದು, ಮಣಿಕಟ್ಟಿಗೆ ಮತ್ತೊಂದು. ಹೀಗೆ ಹನ್ನೊಂದು ಮೂಳೆ, ಹನ್ನೊಂದು ಕುದುರೆ. ಒಂದರ ಮೇಲೂ ಸಿಟ್ಟಿಲ್ಲ. "ಪಾಪ, ಇದರ ತಪ್ಪಲ್ಲ, ನೆಲ ಜಾರುತ್ತಿತ್ತು," ಅಂತ ಕುದುರೆಗಳನ್ನೇ ವಹಿಸಿಕೊಂಡು ಮಾತಾಡಿದರು.

ಅಜ್ಜ ಬುರುಡೆ ಬಿಡ್ತಿದಾರೆ ಅಂದುಕೊಂಡೆ. ಫಿಲಂ ನೋಡಿದರೆ, ಅದರಲ್ಲಿ ಕಂಡ ಕಾಲರ್‌ಬೋನ್, ಪಕ್ಕೆಲುಬು ಎರಡೂ ಅವರು ಬರೆದಲ್ಲೇ ಮುರಿದು ಕೂಡಿದ್ದವು.

"ಇಷ್ಟಾದ ಮೇಲೂ ಕುದುರೆ ಹತ್ತಿದ್ರಾ?"

"ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನವೇ."

"ಎಷ್ಟು ರೇಸ್ ಗೆದ್ರಿ?"

"ಒಂದೇ."

ಪಟ್ಟಿ ಪೂರ್ತಿಯಾಗಲಿ ಅಂತ ಪೆನ್ನು ಹಿಡಿದು ಆ ಗೆದ್ದ ಕುದುರೆಯ ಹೆಸರನ್ನೂ ಕೇಳಿದೆ. ಅಜ್ಜ ಹಾಳೆಯ ಹನ್ನೊಂದು ಹೆಸರಿನ ಮೇಲೂ ಬೆರಳಾಡಿಸಿದರು.

"ನೆನಪಾಗ್ತಿಲ್ಲಮ್ಮ. ಅದು ನನ್ನನ್ನ ಬೀಳಿಸಲೇ ಇಲ್ವಲ್ಲ."